ಆರು ಖಾನೆಯ ತೋಟ

ಬೀದಿಯವರು ಅವಳನ್ನು ಕಡ್ಡಿಯಕ್ಕ ಎಂದು ಕರೆಯುತ್ತಿದ್ದರು. ಮೈ ತೆಳ್ಳಗಿದ್ದುದಕ್ಕೆ ಬಂದ ಹೆಸರಲ್ಲ, ಮೈ ಸಾಕಷ್ಟೇ ಇತ್ತು. ಒಂದು ಬೆಂಕಿಕಡ್ಡಿಯನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ ಎರಡು ಸಲ ಒಲೆ ಹಚ್ಚುತ್ತಾಳೆ ಎಂದು ಎದುರುಮನೆಯ ಇಸ್ತ್ರಿಯವಳು ಒಂದು ದಿನ ನಲ್ಲಿಯ ಹತ್ತಿರ ಸಾರಿದ್ದಳು. ಸುಳ್ಳೇನಲ್ಲ. ಸೀಳುವಾಗ ಮೂರಕ್ಕೊಂದು ಕಡ್ಡಿ ಮುರಿದು ಹಾಳಾಗುತ್ತಿತ್ತು, ಹಾಗಾಗಿ ಉಳಿತಾಯ ಅಂಥದ್ದೇನೂ ಆಗುತ್ತಿರಲಿಲ್ಲ. ಆದರೆ ಅದನ್ನು ಅವಳಿಗೆ ಹೇಳುವ ಗುಂಡಿಗೆ ಯಾರಿಗಿತ್ತು? ಎಂಜಲು ಕೈಯಲ್ಲಿ ಕಾಗೆ ಓಡಿಸದವಳು ಎಂದು ಹಿಂದಿನಿಂದ ಆಡಿಕೊಂಡರು, ಎದುರು ಬಂದಾಗ ಬಾಯಿತುಂಬ ಅಕ್ಕ ಅಂದರು.

ಅವಳ ಪರವಾಗಿ ಒಂದು ಮಾತು ಹೇಳಲೇಬೇಕು. ಜಿಪುಣರು ಕೂಡಿಡುವುದು ಕೂಡಿಡುವ ಸುಖಕ್ಕೆ. ಇವಳು ಉಳಿಸಿದ್ದೆಲ್ಲ ಎರಡು ಮಕ್ಕಳ ಮೈಗೂ ಹೊಟ್ಟೆಗೂ ಹೋಗುತ್ತಿತ್ತು. ಗಂಡನ ಹಳೆಯ ಅಂಗಿಯ ಬೆನ್ನು ಮಗನ ಚಡ್ಡಿಯಾಗುತ್ತಿತ್ತು, ಗಿಡ್ಡವಾದ ಚಡ್ಡಿ ಮಗಳ ಫ್ರಾಕಿಗೆ ಜೇಬಾಗುತ್ತಿತ್ತು, ಜೇಬು ಹರಿದ ಮೇಲೆ ಅಡುಗೆಮನೆಯ ಮಸಿಬಟ್ಟೆಯಾಗುತ್ತಿತ್ತು. ಸೋಪಿನ ಚೂರುಗಳು ಹಳೆಯ ಕಾಲುಚೀಲದೊಳಗೆ ಸೇರಿ ಮತ್ತೊಂದು ತಿಂಗಳು ಬಾಳುತ್ತಿದ್ದವು. ಬಟ್ಟೆ ಒಗೆಯುವ ನೀರಿಗೂ ಒಂದು ಕ್ರಮವಿತ್ತು: ಮೊದಲು ಮಕ್ಕಳ ಬಟ್ಟೆ, ಆಮೇಲೆ ತನ್ನದು, ಅದೇ ನೀರಿನಲ್ಲಿ ಕೊನೆಗೆ ಗಂಡನ ಕೆಲಸದ ಬಟ್ಟೆ. ಬೂದಿಬಣ್ಣಕ್ಕೆ ತಿರುಗಿದ ಆ ಕೊನೆಯ ನೀರನ್ನೂ ಅವಳು ಮೋರಿಗೆ ಚೆಲ್ಲದೆ ಬಕೆಟ್ಟಿನಲ್ಲಿ ತೆಗೆದಿಡುತ್ತಿದ್ದಳು.

ಗಂಡ ದೊಡ್ಡ ರಸ್ತೆಯ ಕೊನೆಯ ಶೆಡ್ಡಿನಲ್ಲಿ ಲಾರಿ ಬ್ಯಾಟರಿ ರಿಪೇರಿ ಮಾಡುತ್ತಿದ್ದ. ಸತ್ತ ಬ್ಯಾಟರಿಯ ಮುಚ್ಚಳ ಬಿಚ್ಚಿ, ಒಳಗಿನ ಸೀಸದ ಪ್ಲೇಟುಗಳನ್ನು ಕಿತ್ತು, ಹೊಸದನ್ನು ಕೂರಿಸಿ, ಆಸಿಡ್ ತುಂಬಿ ಕೊಡುವ ಕೆಲಸ. ಹದಿಮೂರು ವರ್ಷದಿಂದ ಅದೇ ಶೆಡ್ಡು, ಅದೇ ಸ್ಟೂಲು. ಮಾತು ಕಡಿಮೆಯ ಮನುಷ್ಯ. ಸಂಜೆ ಮನೆಗೆ ಬಂದವನ ಕಾಲನ್ನು ಮಗಳು ಬಂದು ಅಪ್ಪಿಕೊಂಡರೆ ಕೆಲಸದ ಬಟ್ಟೆಯಲ್ಲೇ ಎತ್ತಿಕೊಂಡು, ಕತ್ತಲಾಗುವವರೆಗೂ ಹೊಸ್ತಿಲ ಮೇಲೆ ಕೂತಿರುತ್ತಿದ್ದ. ಮನೆ ಎಂದರೆ ಒಂದು ಕೋಣೆ, ಒಂದು ಅಡುಗೆಮನೆ, ಹಿಂದುಗಡೆ ಬಟ್ಟೆ ಒಗೆಯುವ ಕಲ್ಲು, ಅದರ ಪಕ್ಕ ನಾಲ್ಕಾಳು ಕೂರುವಷ್ಟು ಸಿಮೆಂಟಿನ ಜಾಗ. ಒಂದು ಹಿಡಿ ಮಣ್ಣು ಬೇಕೆಂದರೂ ಬೀದಿಯ ಕೊನೆಯವರೆಗೆ ಹೋಗಬೇಕಿತ್ತು.

ತೋಟ ಶುರುವಾದದ್ದು ಮಗಳಿಗಾಗಿ. ಮಗು ಒಂದೂವರೆ ವರ್ಷದ್ದಿದ್ದಾಗ ವಾರ್ಡಿನ ಆಸ್ಪತ್ರೆಯ ನರ್ಸಮ್ಮ ಅದರ ಕಣ್ಣಿನ ಕೆಳರೆಪ್ಪೆಯನ್ನು ಬೆರಳಿಂದ ಜಗ್ಗಿ ನೋಡಿ ಲೊಚಗುಟ್ಟಿದ್ದಳು.

"ಬಿಳಿಚಿಕೊಂಡಿದೆ ನೋಡು. ರಕ್ತ ಸಾಲದು. ದಿನಾ ಸೊಪ್ಪು ತಿನ್ಸು. ಔಷಧಿಗಿಂತ ಅದೇ ವಾಸಿ."

"ಎಷ್ಟು ತಿನ್ನಿಸ್ಲಿ ನರ್ಸಮ್ಮ?"

"ತಿಂದಷ್ಟೂ ಒಳ್ಳೇದೇ. ಸೊಪ್ಪಿಂದ ಯಾರಾದ್ರೂ ಕೆಟ್ಟಿದ್ದಾರಾ?"

ಅಂಗಡಿಯ ಸೊಪ್ಪು ಬಾಡಿರುತ್ತಿತ್ತು, ಕಟ್ಟಿನಲ್ಲಿ ಅರ್ಧ ಬರಿ ಕಡ್ಡಿ. ದಿನಾ ಕೊಳ್ಳುವುದು ಅವರ ಕೈಲಾಗುವ ಮಾತೂ ಆಗಿರಲಿಲ್ಲ. ಬೆಳೆದುಕೊಂಡರೆ ಹೇಗೆ ಎಂದಳು. ಯಾವುದರಲ್ಲಿ ಬೆಳೆಯುತ್ತೀಯ ಎಂದ ಗಂಡ. ಕುಂಡ ಕೊಳ್ಳುವ ಮಾತನ್ನು ಇಬ್ಬರೂ ಎತ್ತಲಿಲ್ಲ. ಮಾರನೆಯ ಸಂಜೆ ಅವನು ಸೈಕಲ್ಲಿನ ಹಿಂದೆ ಒಂದು ಖಾಲಿ ಬ್ಯಾಟರಿ ಡಬ್ಬ ಕಟ್ಟಿಕೊಂಡು ಬಂದ. ಕಪ್ಪು ರಬ್ಬರಿನದು, ಗಟ್ಟಿಮುಟ್ಟು, ಒಳಗೆ ಸಾಲಾಗಿ ಆರು ಖಾನೆ.

"ಮೂರು ಸಲ ತೊಳ್ದಿದ್ದೀನಿ. ಆಸಿಡ್ ಒಂಚೂರೂ ಇಲ್ಲ. ನಮ್ಮ ಕಾಲ ಆದ್ಮೇಲೂ ಇರುತ್ತೆ ಇದು," ಎಂದ. ಕಾದ ಸರಳಿನಿಂದ ಪ್ರತಿ ಖಾನೆಯ ತಳಕ್ಕೂ ಒಂದೊಂದು ತೂತು ಹಾಕಿ ಕೊಟ್ಟ.

ತಳದಲ್ಲಿ ಬಿಳಿಚು ಬೂದಿಬಣ್ಣದ ಹಕ್ಕಳೆ ಅಂಟಿತ್ತು. ಬೇರೆ ಹೆಂಗಸಾಗಿದ್ದರೆ ಕೆರೆದು ಎಸೆಯುತ್ತಿದ್ದಳು. ಕಡ್ಡಿಯಕ್ಕ ಎಸೆಯುವ ಪೈಕಿಯೇ? ಸುಣ್ಣದ ಹಾಗೆ ಇದೆ, ಸುಣ್ಣ ಮಣ್ಣಿಗೆ ಒಳ್ಳೆಯದು ಎಂದು ಚಮಚದಿಂದ ಕೆರೆದು, ಪುಡಿ ಮಾಡಿ, ಮಣ್ಣಿಗೇ ಕಲಸಿದಳು. ಮೊದಲ ಸಲ ಮೊಳೆತದ್ದು ಸುಟ್ಟಂತಾಗಿ ಸತ್ತುಹೋಯಿತು. ಎರಡನೆಯ ಸಲ ಒಲೆಯ ಬೂದಿ ಬೆರೆಸಿದಳು. ಈ ಸಲ ದಂಟಿನ ಸೊಪ್ಪು ಎದ್ದುಬಂತು ನೋಡಿ, ಎಲೆ ಅಂಗೈ ಅಗಲ, ಬೆರಳಲ್ಲಿ ಮುರಿದರೆ ಟಕ್ಕೆಂದು ಸದ್ದು. ಅವಳು ಆ ದಿನ ಮೂರು ಸಲ ಹಿಂದಿನ ಬಾಗಿಲು ತೆಗೆದು ಅದನ್ನು ನೋಡಿ ಬಂದಳು.

ಒಂದು ಡಬ್ಬ ಹೋಗಿ ಏಳಾಯಿತು. ಏಳು ಡಬ್ಬಕ್ಕೆ ನಲವತ್ತೆರಡು ಖಾನೆ. ಮಕ್ಕಳಿಗೆ ಪಾಲು ಹಂಚಿದಳು: ಬಲಗಡೆಯವು ಅಣ್ಣನದು, ಎಡಗಡೆಯವು ತಂಗಿಯದು. ದಂಟಿನ ಬೀಜ ಸಾಸಿವೆಗಿಂತ ಸಣ್ಣದು, ಊದಿದರೆ ಹಾರಿಹೋಗುವಂಥದ್ದು. ಎಲ್ಲರೂ ಅದನ್ನು ಚೆಲ್ಲಿ ಬಿತ್ತುತ್ತಾರೆ. ಚೆಲ್ಲಿದರೆ ದಂಡ ಎನ್ನುವುದು ಇವಳ ಶಾಸ್ತ್ರ. ಅದಕ್ಕೇ ಒಂದು ಉಪಾಯ ಕಲಿಸಿದಳು. ತೋರುಬೆರಳನ್ನು ಮಣ್ಣಿಗೆ ಒಂದು ಗೆಣ್ಣು ಇಳಿಸಿ ಕುಳಿ ಮಾಡು, ಬೆರಳು ಒರೆಸಿಕೊಂಡು ತುದಿಯನ್ನು ನಾಲಿಗೆಗೆ ಸೋಕಿಸು, ಆ ಒದ್ದೆಗೆ ಒಂದೇ ಬೀಜ ಅಂಟುತ್ತೆ, ಅದನ್ನು ಕುಳಿಗೆ ಬಿಡು. ಮತ್ತೆ ಮಣ್ಣು, ಮತ್ತೆ ನಾಲಿಗೆ, ಮತ್ತೆ ಬೀಜ. ಒಂದು ಬೀಜವೂ ಹಾಳಾಗುತ್ತಿರಲಿಲ್ಲ.

ಮಗನಿಗೆ ಏಳು ವರ್ಷ, ಶಾಲೆಗೆ ಹೋಗುವವನು. ಮಣ್ಣು ಬೆರಳನ್ನು ಬಾಯಿಗಿಡೋದು ಗಲೀಜು ಅಂತ ಮೇಷ್ಟ್ರು ಹೇಳಿದ್ದಾರೆ ಎಂದು ಮೂಗು ಮುರಿದು, ಒಂದು ಕಡ್ಡಿಯನ್ನು ನೀರಿಗೆ ಅದ್ದಿ ಬಿತ್ತಿದ.

"ಓಹೋ, ದೊಡ್ಡ ಸಾಹೇಬರು!" ಎಂದು ಅವಳು ರೇಗಿಸಿದಳು. "ತಂಗೀನ ನೋಡಿ ಕಲಿ. ಕೈ ಕೆಸರಾದ್ರೆ ಬಾಯಿ ಮೊಸರು ಕಣೋ."

ಗಾದೆ ಹೇಳುವುದು ಎಷ್ಟು ಸುಲಭ. ತಂಗಿಯಂತೂ ಅಮ್ಮ ಹೇಳಿದಂತೆ ಕುಕ್ಕರುಗಾಲಲ್ಲಿ ಕೂತು ಗಂಟೆಗಟ್ಟಲೆ ಬಿತ್ತುತ್ತಿದ್ದಳು. ಮೊಳಕೆ ಬಂದರೆ ಅದರ ಮುಂದೆ ಬಗ್ಗಿ, "ಏಳು, ಬೆಳಗಾಯ್ತು, ಏಳು," ಎಂದು ಎಬ್ಬಿಸುತ್ತಿದ್ದಳು. ಬೇಗ ಮಾತು ಬಂದ ಮಗು ಅದು. ಎರಡು ತುಂಬುವುದರೊಳಗೆ ಅಪ್ಪನಿಗೆ ಊಟ ಆಯ್ತಾ ಎಂದು ಕೇಳುತ್ತಿತ್ತು, ಇಸ್ತ್ರಿಯವಳ ಹಾಗೆ ಸೊಂಟದ ಮೇಲೆ ಕೈಯಿಟ್ಟು ಅಣ್ಣನನ್ನು ಬೈಯುತ್ತಿತ್ತು. ಒಗೆದ ನೀರಿನ ಬಕೆಟ್ಟು ಬಂತೆಂದರೆ ಲೋಟ ಹಿಡಿದು ಓಡಿಬಂದು, ಒಂದೊಂದು ಖಾನೆಗೂ "ನಿಂಗೆ, ನಿಂಗೆ, ನಿಂಗೆ" ಎಂದು ಹೇಳಿ ಹುಯ್ಯುತ್ತಿತ್ತು. ಆ ಒಂದು ವರ್ಷ ಕಡ್ಡಿಯಕ್ಕ ಸುಖವಾಗಿದ್ದಳು. ಅದನ್ನು ಯಾರೂ ಅವಳಿಂದ ಕಿತ್ತುಕೊಳ್ಳಲಾರರು ಎಂದು ಹೇಳಬೇಕೆನಿಸುತ್ತದೆ, ಆದರೆ ಅದನ್ನೂ ಕಿತ್ತುಕೊಂಡಾಯಿತು.

ಅದೇ ವರ್ಷ ಬೀದಿ ಕಂಡು ಕೇಳರಿಯದ ಒಂದು ಸಂಗತಿ ನಡೆಯಿತು. ಕಡ್ಡಿಯಕ್ಕ ದಾನ ಮಾಡಿದಳು! ಇಸ್ತ್ರಿಯವಳು ಬಸುರಿಯಾಗಿದ್ದಳು, ಮುಖ ಸುಣ್ಣದ ಹಾಗಾಗಿತ್ತು. ಗಂಡನಿಂದ ಒಂದು ಡಬ್ಬ ತರಿಸಿ, ಮಣ್ಣು ತುಂಬಿ, ಬಿತ್ತಿ, ಮೊಳಕೆಯೊಡೆದ ಮೇಲೆ ಸ್ವತಃ ಹೊತ್ತುಕೊಂಡು ಹೋಗಿ ಅವಳ ಬಾಗಿಲಲ್ಲಿಟ್ಟಳು. ಬಸುರಿ ಹೆಂಗಸು, ರಕ್ತ ಬೇಕು ಎಂದಳು. ಮುಂದಿನ ವಾರ ಮೂಲೆಮನೆಯವರೂ ಕೇಳಿದರು, ಆಮೇಲೆ ಹಾಲಿನವಳು. ಒಟ್ಟು ಹನ್ನೊಂದು ಡಬ್ಬ ಕೊಟ್ಟಳು. ಕೊಡುವುದರಲ್ಲಿ ಇಂಥ ರುಚಿಯಿದೆ ಎಂದು ಅವಳಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಮಗಳಿಗೆ ಎರಡೂಮುಕ್ಕಾಲು ವರ್ಷವಾದಾಗ ಹೊಟ್ಟೆನೋವು ಶುರುವಾಯಿತು. ಹುಳ ಇರಬೇಕೆಂದು ಹುಳದ ಔಷಧಿ ಹಾಕಿಸಿದರು. ಊಟ ಸೇರದಾಯಿತು. ಸುಮ್ಮಸುಮ್ಮನೆ ಅಳು, ರಚ್ಚೆ, ಅಣ್ಣನಿಗೆ ಕಚ್ಚುವುದು. ಕಿವಿಯ ಹಾಲೆ, ಉಗುರಿನ ಬುಡ ಎಲ್ಲ ಬಣ್ಣ ಕಳೆದುಕೊಂಡವು. ರಕ್ತ ಇನ್ನೂ ಸಾಲದು ಎಂದುಕೊಂಡ ತಾಯಿ ಸೊಪ್ಪನ್ನು ಎರಡು ಹೊತ್ತಿನಿಂದ ಮೂರು ಹೊತ್ತಿಗೆ ಏರಿಸಿದಳು. ಬೇಯಿಸಿದ ನೀರನ್ನೂ ಬಿಡದೆ ಲೋಟಕ್ಕೆ ಬಸಿದು, ಸಕ್ಕರೆ ಹಾಕಿ, ಮೂಗು ಹಿಡಿದು ಕುಡಿಸಿದಳು. ಮಗು ಬಾಡಿದಷ್ಟೂ ಸೊಪ್ಪು, ಸೊಪ್ಪು ತಿಂದಷ್ಟೂ ಮಗು ಬಾಡುತ್ತಿತ್ತು. ಬರೆಯುವಾಗಲೂ ಅವಳ ಕೈ ಹಿಡಿದು ನಿಲ್ಲಿಸಬೇಕೆನಿಸುತ್ತದೆ, ಆದರೆ ಅವಳಿಗೆ ಹೇಳುವವರು ಯಾರೂ ಇರಲಿಲ್ಲ.

ಮಾತು ಹೋದದ್ದು ಒಮ್ಮೆಲೇ ಅಲ್ಲ. ಮೊದಲು ವಾಕ್ಯ ಹೋಯಿತು, ಆಮೇಲೆ ಹೆಸರು ಹೋದವು. ಒಂದು ದಿನ ಮಗು ನೀರು ಕೇಳದೆ ಬರಿದೆ ಲೋಟವನ್ನು ತೋರಿಸಿ ಊಂ ಎಂದಿತು. ಹಟಮಾರಿ, ಬಾಯಿಬಿಟ್ಟು ಕೇಳು ಎಂದು ತಾಯಿ ಒಂದು ಏಟು ಹಾಕಿದಳು. ಆ ಏಟಿನ ಲೆಕ್ಕ ಅವಳ ಎದೆಯಲ್ಲಿ ಇವತ್ತಿಗೂ ತೀರಿಲ್ಲ.

ಒಂದು ಬೆಳಿಗ್ಗೆ ಹತ್ತು ಗಂಟೆಯ ಬಿಸಿಲಲ್ಲಿ ಡಬ್ಬದ ಮುಂದೆ ಕೂತಿದ್ದ ಮಗು ಪಕ್ಕಕ್ಕೆ ಉರುಳಿತು. ಕೈಕಾಲು ಸೆಟೆದು ಅದುರತೊಡಗಿದವು, ಬಾಯಲ್ಲಿ ನೊರೆ. ಎತ್ತಿಕೊಂಡು ಚಪ್ಪಲಿಯಿಲ್ಲದೆ ಓಡಿದಳು. ದೊಡ್ಡಾಸ್ಪತ್ರೆಯಲ್ಲಿ ಫಿಟ್ಸ್ ನಿಲ್ಲಿಸಿದರು, ರಕ್ತ ತೆಗೆದರು. ಎರಡು ದಿನ ಬಿಟ್ಟು ಡಾಕ್ಟರಮ್ಮ ಒಂದು ಕಾಗದ ಹಿಡಿದು ಹಾಸಿಗೆಯ ಪಕ್ಕ ಬಂದು ಕೂತರು. ವಯಸ್ಸಿನಲ್ಲಿ ಚಿಕ್ಕವರು, ಮಾತು ಮೆತ್ತಗೆ.

"ಮಗು ತಂದೆ ಏನು ಕೆಲಸ ಮಾಡ್ತಾರಮ್ಮ?"

"ಬ್ಯಾಟರಿ ರಿಪೇರಿ, ಡಾಕ್ಟ್ರೇ."

"ಕೆಲಸದ ಬಟ್ಟೇಲೇ ಮನೆಗೆ ಬರ್ತಾರಾ?"

"ಹೂಂ. ಆದ್ರೆ ನಾನು ದಿನಾ ಒಗೀತೀನಿ. ನೀರೂ ದಂಡ ಮಾಡಲ್ಲ, ಗಿಡಕ್ಕೆ ಹಾಕ್ತೀನಿ."

"ಯಾವ ಗಿಡ?"

ಇಷ್ಟು ವರ್ಷದಲ್ಲಿ ಅವಳ ಸಂಸಾರದ ಜಾಣತನವನ್ನು ಇಷ್ಟು ಶ್ರದ್ಧೆಯಿಂದ ಕೇಳಿದವರು ಯಾರೂ ಇರಲಿಲ್ಲ. ಅವಳು ಎಲ್ಲವನ್ನೂ ಹೇಳಿದಳು. ಡಬ್ಬ, ಆರು ಖಾನೆ, ಕೆರೆದು ಕಲಸಿದ ಸುಣ್ಣ, ಕೊನೆಯ ನೀರು, ಮೂರು ಹೊತ್ತು ಸೊಪ್ಪು, ಬೇಯಿಸಿದ ನೀರು, ನಾಲಿಗೆಗೆ ಬೆರಳು ಸೋಕಿಸಿ ಬೀಜ ಹಿಡಿಯುವ ಉಪಾಯ. ಬೆರಳು ಎತ್ತಿ ಮಾಡಿಯೂ ತೋರಿಸಿದಳು. ಡಾಕ್ಟರಮ್ಮ ಮೊದಮೊದಲು ಬರೆದುಕೊಳ್ಳುತ್ತಿದ್ದರು, ಆಮೇಲೆ ಪೆನ್ನು ಕೆಳಗಿಟ್ಟರು.

"ಅದು ಸುಣ್ಣ ಅಲ್ಲಮ್ಮ. ಸೀಸ," ಎಂದರು. "ಮಕ್ಕಳ ರಕ್ತದಲ್ಲಿ ಅದು ಇರಲೇಬಾರದು. ಐದು ಇದ್ರೇ ನಮಗೆ ಭಯ. ನಿಮ್ಮ ಮಗಳಿಗೆ ಎಪ್ಪತ್ತೊಂದಿದೆ."

"ತೆಗೀಬಹುದಲ್ವಾ?"

"ರಕ್ತದಿಂದ ತೆಗೀತೀವಿ. ಔಷಧಿ ಇದೆ."

"ಆಮೇಲೆ ಮೊದಲಿನ ಥರ ಮಾತಾಡ್ತಾಳಾ?"

ಡಾಕ್ಟರಮ್ಮ ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ಮೆದುಳಿಗೆ ಆಗಿದ್ದು ಆಗಿಹೋಗಿದೆಯಮ್ಮ. ಇನ್ನೂ ಹೆಚ್ಚು ಕೆಡದ ಹಾಗೆ ನೋಡ್ಕೊಳೋಣ," ಎಂದರು.

ಮಗನ ರಕ್ತವನ್ನೂ ನೋಡಿದರು. ಹದಿನಾರು. ಅದೂ ಒಳ್ಳೆಯದಲ್ಲ, ಆದರೆ ಹುಡುಗ ಬಚಾವು. ಅಮ್ಮನ ಮಾತು ಕೇಳದೆ ಇದ್ದುದರಿಂದ ಬಚಾವು. ಹೇಳಿದಂತೆ ಕೇಳಿದ ಮಗು ಹಾಸಿಗೆಯ ಮೇಲಿತ್ತು. ಇದನ್ನು ನ್ಯಾಯ ಎನ್ನುವವರು ಯಾರಾದರೂ ಇದ್ದರೆ ಅವರ ಮುಖ ನೋಡಬೇಕು.

ಗಂಡ ಸುದ್ದಿ ಕೇಳಿ ಗೋಡೆಗೆ ಒರಗಿದ. "ಮೂರು ಸಲ ತೊಳೆದಿದ್ದೆ," ಎಂದ. ಅರ್ಧ ಗಂಟೆ ಬಿಟ್ಟು ಮತ್ತೆ ಅದನ್ನೇ ಹೇಳಿದ. ಅವಳು ಜಗಳ ಆಡಲಿಲ್ಲ. ಜಗಳಕ್ಕೂ ಒಂದು ಆಸೆ ಬೇಕು. ಅವನು ಏಳೂ ಡಬ್ಬಗಳನ್ನು ಮಣ್ಣು ಸಮೇತ ಶೆಡ್ಡಿಗೆ ಸಾಗಿಸಿದ. ಕೆಲಸ ಬಿಡಲಿಲ್ಲ, ಬಿಟ್ಟರೆ ಬೇರೆ ಯಾವ ಕೆಲಸ ಕಾದು ಕೂತಿತ್ತು? ಅಲ್ಲೇ ಮೈ ತೊಳೆದು, ಬಟ್ಟೆ ಬದಲಿಸಿ ಬರತೊಡಗಿದ. ಮಗಳು ಮನೆಗೆ ಬಂದ ಮೇಲೂ ಅವಳನ್ನು ಎತ್ತಿಕೊಳ್ಳಲು ಹೆದರಿ, ಕೈಯನ್ನು ಹಿಂದೆ ಕಟ್ಟಿಕೊಂಡು ನಿಂತು ನೋಡುತ್ತಿದ್ದ.

ಆಸ್ಪತ್ರೆಯಿಂದ ಬಂದ ದಿನವೇ ಕಡ್ಡಿಯಕ್ಕ ಬೀದಿಗೆ ಇಳಿದಳು. ಮಗಳದ್ದು ಮುಗಿದ ಮಾತು, ಆದರೆ ಹನ್ನೊಂದು ಬಾಗಿಲಲ್ಲಿ ಅವಳ ಕೈಯಿಂದ ಹೋದ ಹನ್ನೊಂದು ಡಬ್ಬಗಳಿದ್ದವು. ಅವುಗಳನ್ನು ತೆಗೆಸಬೇಕು. ಇನ್ನು ಬದುಕಿದ್ದು ಮಾಡಬೇಕಾದ ಕೆಲಸ ಅದೊಂದೇ ಎಂದು ಅವಳಿಗೆ ಅನ್ನಿಸಿತು. ಮೊದಲು ಹಾಲಿನವಳ ಮನೆಗೆ ಹೋದಳು.

"ಆ ಡಬ್ಬ ವಾಪಸ್ ಕೊಟ್ಬಿಡು ತಾಯಿ. ಅದ್ರಲ್ಲಿ ಬೆಳೆದಿದ್ದು ತಿನ್ನಬೇಡಿ. ವಿಷ ಇದೆ."

ಹಾಲಿನವಳು ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ಕೊಡೋವಾಗ ಅಮೃತ, ಈಗ ವಿಷ. ಏನಕ್ಕಾ, ಡಬ್ಬಕ್ಕೆ ಗುಜರಿಯವನು ಒಳ್ಳೆ ಬೆಲೆ ಕೊಡ್ತಾನಂತಾ?"

ಮೂಲೆಮನೆಯವರು ನಕ್ಕರು. ಇಷ್ಟು ದಿನ ಕೊಟ್ಟಿದ್ದೇ ಹೆಚ್ಚು, ಹುಟ್ಟುಗುಣ ಸುಟ್ಟರೂ ಹೋಗುತ್ತಾ ಎಂದರು. ಜೀವಮಾನವಿಡೀ ಒಂದು ಸೋಪಿನ ಚೂರನ್ನೂ ಬಿಡದವಳು ಕೊಟ್ಟ ವಸ್ತುವನ್ನು ವಾಪಸು ಕೇಳಿದರೆ ಬೀದಿ ಇನ್ನೇನು ತಿಳಿದುಕೊಳ್ಳಬೇಕು? ಅವಳು ಆಸ್ಪತ್ರೆಯ ಕಾಗದ ತೋರಿಸಿದಳು. ಓದಿದವರಿಗೂ ಅದರಲ್ಲಿದ್ದ ಅಂಕಿಯ ಅರ್ಥವಾಗಲಿಲ್ಲ. ಬದಲಿಗೆ ಹೊಸ ಕುಂಡ ಕೊಡಿಸುತ್ತೇನೆ ಎಂದಳು. ಕಡ್ಡಿಯಕ್ಕ ಹೊಸ ಕುಂಡ ಕೊಡಿಸುತ್ತಾಳೆಂದರೆ ಹಳೆಯದರಲ್ಲಿ ಏನೋ ಭಾರಿ ಲಾಭವಿದೆ ಎಂದು ಅನುಮಾನ ಗಟ್ಟಿಯಾಯಿತು. ನರ್ಸಮ್ಮನ ಹತ್ತಿರ ಹೋಗಿ, ನೀವಾದರೂ ಬಂದು ಹೇಳಿ ಎಂದು ಕಾಲು ಹಿಡಿದಳು. ಸೊಪ್ಪು ತಿನ್ನಿ ಎಂದು ಮನೆಮನೆಗೆ ಹೇಳಿಬಂದವಳು ಆಕೆ. ಮೇಲಿನವರಿಗೆ ಬರೀತೀನಿ ಎಂದಳು. ಬರೆದಳೋ ಏನೋ. ಕೊನೆಗೆ ಒಂದು ಮಧ್ಯಾಹ್ನ ಯಾರೂ ಇಲ್ಲದಾಗ ಮೂಲೆಮನೆಯ ಜಗಲಿಯ ಡಬ್ಬದಿಂದ ಗಿಡ ಕೀಳುತ್ತಿದ್ದಾಗ ಸಿಕ್ಕಿಬಿದ್ದು, ಕಳ್ಳಿ ಅನ್ನಿಸಿಕೊಂಡು ಬಂದಳು. ಹನ್ನೊಂದರಲ್ಲಿ ಎರಡು ವಾಪಸು ಬಂದವು, ಅವೂ ಒಡೆದಿದ್ದವು ಎಂದು.

ಮಗಳ ರಕ್ತದ ಅಂಕಿ ಇಳಿಯಿತು. ಐವತ್ತು, ಮೂವತ್ತೆಂಟು, ಇಪ್ಪತ್ತೊಂಬತ್ತು. ಡಾಕ್ಟರಮ್ಮ ಪ್ರತಿ ಸಲವೂ ಪರವಾಗಿಲ್ಲ ಎಂದರು. ಮಗು ನಡೆಯುತ್ತಿತ್ತು, ತಿನ್ನುತ್ತಿತ್ತು, ಕರೆದರೆ ಒಮ್ಮೊಮ್ಮೆ ತಿರುಗುತ್ತಿತ್ತು. ಮಾತಿನ ಜಾಗದಲ್ಲಿ ಒಂದು ಊಂ ಉಳಿದಿತ್ತು. ಬೇಕು ಎಂದರೂ ಊಂ, ಬೇಡ ಎಂದರೂ ಊಂ. ಹಿಂದಿನ ಖಾಲಿ ಸಿಮೆಂಟಿನ ಮೇಲೆ ಕುಕ್ಕರುಗಾಲಲ್ಲಿ ಕೂತು ಬೆರಳು ಒತ್ತಿ, ನಾಲಿಗೆಗೆ ಸೋಕಿಸಿ, ಮತ್ತೆ ಒತ್ತುತ್ತಿತ್ತು. ಕಲಿತದ್ದರಲ್ಲಿ ಅದೊಂದು ಮರೆತಿರಲಿಲ್ಲ. ತಾಯಿ ಓಡಿಬಂದು ಕೈ ಹಿಡಿದರೆ ಕಿರುಚುತ್ತಿತ್ತು. ದಿನಕ್ಕೆ ಎಷ್ಟು ಸಲ ಕೈ ಹಿಡಿಯಬಹುದು?

ಹೀಗಿರುವಾಗ ಒಂದು ಬೆಳಿಗ್ಗೆ ಇಸ್ತ್ರಿಯವಳು ಬಂದಳು. ಡಬ್ಬದ ವಿಷಯಕ್ಕೆ ಎರಡು ತಿಂಗಳು ಮಾತು ಬಿಟ್ಟಿದ್ದವಳು. ಬಾಯಿ ಜೋರು, ಆದರೆ ಕರುಳು ಒಳ್ಳೆಯದು. ಒಂದು ಕಂಕುಳಲ್ಲಿ ಒಂದೂಕಾಲು ವರ್ಷದ ಮಗು, ಇನ್ನೊಂದು ಕೈಯಲ್ಲಿ ನೀರು ಚಿಮುಕಿಸಿದ ದಂಟಿನ ಸೊಪ್ಪಿನ ದೊಡ್ಡ ಕಟ್ಟು.

"ಏನೋ ಒಂದು ಮಾತು ಬಂದು ಹೋಯ್ತು, ಮನಸ್ಸಲ್ಲಿ ಇಟ್ಕೋಬೇಡಕ್ಕಾ. ನಿನ್ ಮಗು ಮುಖ ನೋಡಿದ್ರೆ ಸಂಕಟ ಆಗುತ್ತೆ. ನೀನೇ ಕೊಟ್ಟ ಡಬ್ಬದ್ದು ಇದು, ನಾನು ತಿಂದು ಇವನನ್ನ ಹೆತ್ತಿಲ್ವಾ? ಬೇಯಿಸಿ ಕೊಡು, ರಕ್ತ ಆಗ್ಲಿ."

"ಎಷ್ಟು ಸಲ ಹೇಳ್ಲೇ ನಿಂಗೆ," ಎಂದಳು ಕಡ್ಡಿಯಕ್ಕ. ದನಿ ಏರಲಿಲ್ಲ. "ತಿನ್ನಬೇಡ. ಇವನಿಗೂ ತಿನ್ನಿಸಬೇಡ."

"ನಿನ್ ಮಗೂಗೆ ಬಂದಿದ್ದು ನಿನ್ ಗ್ರಹಚಾರ ಅಕ್ಕಾ. ಎಲ್ಲರಿಗೂ ಯಾಕೆ ಬರುತ್ತೆ? ನೋಡಿಲ್ಲಿ, ನನ್ ರಾಜ ಹೆಂಗಿದ್ದಾನೆ. ಸ್ವಲ್ಪ ಹೊಟ್ಟೆನೋವು ಅಂತ ರಾತ್ರಿ ಅಳ್ತಾನೆ ಅಷ್ಟೇ. ಹಲ್ಲು ಬರ್ತಿದೆಯಲ್ಲ."

ಕಡ್ಡಿಯಕ್ಕ ಮಗುವಿನ ಹತ್ತಿರ ಹೋದಳು. ಕಿವಿಯ ಹಾಲೆ ಮುಟ್ಟಿ ನೋಡಿದಳು. ಉಗುರು ನೋಡಿದಳು. ಕೆಳರೆಪ್ಪೆಯನ್ನು ಬೆರಳಿಂದ ಮೆಲ್ಲಗೆ ಜಗ್ಗಿದಳು. ಆ ಬಣ್ಣ ಅವಳಿಗೆ ಗೊತ್ತಿತ್ತು.

"ಇವತ್ತೇ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗು," ಎಂದಳು. "ನಾನೂ ಬರ್ತೀನಿ. ರಕ್ತ ನೋಡಿಸೋಣ. ನಿನ್ ಕಾಲಿಗೆ ಬೀಳ್ತೀನಿ ಕಣೇ."

ಇಸ್ತ್ರಿಯವಳು ಮಗುವನ್ನು ಸರಕ್ಕನೆ ಇನ್ನೊಂದು ಕಂಕುಳಿಗೆ ಬದಲಾಯಿಸಿಕೊಂಡಳು. ಬಂದಾಗಿದ್ದ ಕರುಣೆ ಮುಖದಿಂದ ಅಳಿಸಿಹೋಯಿತು. "ತನ್ನದು ಹಾಳಾಯ್ತು ಅಂತ ಊರಿನ ಮಕ್ಕಳಿಗೆಲ್ಲ ಕೆಟ್ಟ ಬಾಯಿ ಆಡ್ಬೇಡ. ಒಳ್ಳೇದಕ್ಕೆ ಬಂದ್ರೆ ಇದು," ಎಂದು ಸೊಪ್ಪಿನ ಕಟ್ಟನ್ನು ಹೊಸ್ತಿಲ ಮೇಲೆ ಹಾಕಿ ಹೊರಟುಹೋದಳು.

ಒಳಗಿನಿಂದ ಮಗಳು ಬಂದು ಹಸಿರು ಕಂಡು ಎರಡೂ ಕೈ ಚಾಚಿದಳು. ಕಡ್ಡಿಯಕ್ಕ ಕಟ್ಟನ್ನು ಎತ್ತಿಕೊಂಡು ಬೀದಿಗಿಳಿದಳು. ಕಸದ ತೊಟ್ಟಿಯ ಹತ್ತಿರ ಎರಡು ಆಡು ಕಾಯುತ್ತಿದ್ದವು, ಅವುಗಳ ಹಾಲು ಯಾವ ಮಗುವಿಗೆ ಹೋಗುತ್ತದೋ. ಮೋರಿಗೆ ಹಾಕೋಣವೆಂದರೆ ಅದರಲ್ಲಿ ತೇಲಿಬಂದದ್ದನ್ನು ಆರಿಸಿ ತೊಳೆದು ಒಯ್ಯುವ ಮುದುಕಿಯೊಬ್ಬಳಿದ್ದಳು. ಸುಡೋಣವೆಂದರೆ ಹಸಿ ಸೊಪ್ಪು, ಉರಿದರೂ ಹೊಗೆ ಎಲ್ಲಿಗೆ ಹೋದೀತೋ. ಒಂದು ಎಲೆಯನ್ನೂ ಜೀವಮಾನದಲ್ಲಿ ಎಸೆದವಳಲ್ಲ, ಈಗ ಒಂದು ಕಟ್ಟು ಸೊಪ್ಪು ಎಸೆಯಲು ಜಾಗ ಸಿಗಲಿಲ್ಲ. ಎಲ್ಲಿ ಹಾಕಿದರೂ ತಿನ್ನುವವರು ಯಾರಾದರೂ ಇದ್ದರು. ಹಾಲಿನವಳ ಮನೆಯಿಂದ ಬೇಯುವ ಸೊಪ್ಪಿನ ವಾಸನೆ ಬರುತ್ತಿತ್ತು. ಅವಳು ಕಟ್ಟನ್ನು ಎದೆಗವಚಿಕೊಂಡು ಬೀದಿಯ ನಡುವೆ ನಿಂತೇ ಇದ್ದಳು.